ಬೀಗದಕ್ಕ ಕೇಬಲ್ ಎಳೆದ ದಿನ

ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಯಂತ್ರವೊಂದಕ್ಕೇ ಗೊತ್ತಿತ್ತು. ಕೆಳಮಹಡಿಯ ಸರ್ವರ್ ರೂಮಿನ ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಸದಾ ಕೊರಳಲ್ಲಿ ಹಾಕಿಕೊಂಡಿರುತ್ತಿದ್ದುದರಿಂದ ಮಿಕ್ಕವರಿಗೆಲ್ಲ ಆಕೆ ಬೀಗದಕ್ಕ. ಗಿಡ್ಡ ಆಳು, ಚುರುಕು ನಡಿಗೆ. ಯಾರಾದರೂ ಎಡಗಡೆಯಿಂದ ಮಾತಾಡಿಸಿದರೆ ಬರೀ ಮುಖವಲ್ಲ, ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದಳು. ಎಡಗಿವಿ ಪೂರ್ತಿ ಸತ್ತಿತ್ತು.

ಮೊದಲು ಆಕೆಯೂ ಮೇಲ್ಮಹಡಿಯವಳೇ. ಸಾಲಾಗಿ ಮೇಜು, ಮೇಜಿಗೊಂದು ಪರದೆ, ತಲೆಗೆ ಹೆಡ್‌ಫೋನ್, ಬಾಯಲ್ಲಿ ಒಂದೇ ಪ್ರಶ್ನೆ: "ಎಲ್ಲಿದ್ದೀರಿ ಹೇಳಿ." ಅಳುವವರು, ಕಿರುಚುವವರು, ಮಾತೇ ಬಾರದೆ ಉಸಿರೆಳೆಯುವವರು, ಎಲ್ಲರ ಬಾಯಿಂದಲೂ ವಿಳಾಸ ಹೊರಡಿಸುವುದರಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲ. ಒಂದು ಸಲ ಜ್ವರ ಬಂದು ಮಲಗಿದಳು. ಜ್ವರ ಬಿಟ್ಟಿತು, ಕಿವಿಯನ್ನು ಮಾತ್ರ ಜೊತೆಗೇ ಕರೆದುಕೊಂಡು ಹೋಯಿತು. ಒಂಟಿ ಕಿವಿಯವಳನ್ನು ಕರೆ ತೆಗೆದುಕೊಳ್ಳಲು ಕೂರಿಸುವಂತಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಮೇಲಿನವರು ಯೋಚಿಸಿ ಕೆಳಗಿನ ಸರ್ವರ್ ರೂಮಿಗೆ ಹಾಕಿದರು. ಅಲ್ಲಿ ಮಾಡುವುದೇನೂ ಇರಲಿಲ್ಲ. ಫ್ಯಾನುಗಳ ಭೋರ್ಗರೆತದ ನಡುವೆ ಕೂತು ಹವಾನಿಯಂತ್ರಣ ನಡೆಯುತ್ತಿದೆಯೇ ಎಂದು ನೋಡಿಕೊಂಡರೆ ಆಯಿತು.

ಆ ದಿನ ಮನೆಗೆ ಬಂದು ಮುಖ ಗಂಟಿಕ್ಕಿಕೊಂಡು ಕೂತಳು. ಅತ್ತೆ ಕಿಟಕಿಯ ಬಳಿ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಕಾಲು ನಿಲ್ಲಿಸದೆಯೇ ಕೇಳಿದರು, "ಏನಾಯ್ತೇ?"

"ಮೂಲೆಗೆ ತಳ್ಳಿದ್ರು ಅತ್ತೆ."

"ತಳ್ಳಿದ್ರೆ ತಳ್ಳಲಿ. ಮೂಲೇನೇ ಗುಡಿಸಿ ಅರಮನೆ ಮಾಡ್ಕೋ. ನನ್ನನ್ನೂ ಈ ಮನೇಲಿ ಮೊದಲು ಮೂಲೇಲೇ ಕೂರ್ಸಿದ್ದು. ಈಗ ನೋಡು, ಬೆಳಕು ಬರೋ ಕಿಟಕಿ ಯಾರದ್ದು?"

ಒಳಗಿನಿಂದ ಗಂಡ ನಕ್ಕ. ಅವನು ಬೇಕರಿಯಲ್ಲಿ ಬ್ರೆಡ್ ಬೇಯಿಸುವವನು. ಬೆಳಗಿನ ಜಾವ ಹೋಗಿ ಮಧ್ಯಾಹ್ನಕ್ಕೆಲ್ಲ ಬಂದುಬಿಡುತ್ತಿದ್ದ. ಅಮ್ಮನ ಬಾಯಿಗೂ ಹೆಂಡತಿಯ ಹಟಕ್ಕೂ ನಡುವೆ ಬೀಳುವ ತಪ್ಪನ್ನು ಅವನು ಮದುವೆಯಾದ ಹೊಸತರಲ್ಲೇ ಬಿಟ್ಟಿದ್ದ.

ಅತ್ತೆಯ ಮಾತು ನಾಟಿತು. ಆಗ ಸರ್ವರ್ ರೂಮಿನಲ್ಲಿದ್ದ ಹಳೆಯ ತಂತ್ರಜ್ಞರು ನಿವೃತ್ತಿಯ ಹೊಸ್ತಿಲಲ್ಲಿದ್ದರು. ಬೀಗದಕ್ಕ ಅವರ ಬೆನ್ನು ಬಿಡಲಿಲ್ಲ. ಇದೇನು, ಅದ್ಯಾಕೆ, ಇದನ್ನು ಎಳೆದರೆ ಏನಾಗುತ್ತೆ, ಎಂದು ಜೀವ ತಿಂದಳು. ಸಂಜೆ ತರಗತಿಗೆ ಸೇರಿ, ತನ್ನ ಅರ್ಧ ವಯಸ್ಸಿನವರ ನಡುವೆ ಮೊದಲ ಸಾಲಿನಲ್ಲಿ ಬಲಗಿವಿ ಮುಂದೆ ಮಾಡಿಕೊಂಡು ಕೂತು ಪರೀಕ್ಷೆ ಬರೆದಳು. ಒಮ್ಮೆ ನಪಾಸಾದಳು. ಮತ್ತೆ ಬರೆದು ಪಾಸಾದಳು. ಹಳಬರು ಹೋಗುವ ದಿನ ಬೀಗದ ಕೈ ಅವಳ ಕೊರಳಿಗೆ ಬಂತು.

ಆ ಕೋಣೆಯ ಜೀವವೆಲ್ಲ ಒಂದು ಕಪಾಟಿನಲ್ಲಿತ್ತು. ಅದರೊಳಗೊಂದು ಭಾರದ ಉಕ್ಕಿನ ಪೆಟ್ಟಿಗೆ. ಅವರ ಮಾತಿನಲ್ಲಿ ಚಾಸಿ. ಚಾಸಿಯ ಮುಂಬದಿಯಲ್ಲಿ ಪುಸ್ತಕ ಜೋಡಿಸಿದಂತೆ ತೆಳ್ಳನೆಯ ಕಂಪ್ಯೂಟರ್‌ಗಳು ಒತ್ತಾಗಿ ನಿಂತಿದ್ದವು. ಅವಕ್ಕೆ ಬ್ಲೇಡ್ ಎಂದು ಹೆಸರು. ಒಂದು ಬ್ಲೇಡ್ ಬಂದ ಕರೆಗಳನ್ನು ಮೇಜುಗಳಿಗೆ ಹಂಚುತ್ತಿತ್ತು, ಒಂದು ನಕ್ಷೆ ತೋರಿಸುತ್ತಿತ್ತು, ಮತ್ತೊಂದು ಯಾವ ಗಾಡಿ ಯಾವ ಬೀದಿಯಲ್ಲಿದೆ ಎಂದು ನೋಡಿಕೊಳ್ಳುತ್ತಿತ್ತು. ಚಾಸಿಯ ಹಿಂಬದಿಯಲ್ಲಿ ಗೂಡುಗಳು. ಒಂದು ಗೂಡಿನಲ್ಲಿ ನೆಟ್‌ವರ್ಕ್ ಮಾಡ್ಯೂಲ್ ಕೂತಿತ್ತು. ಮುಂದಿನ ಬ್ಲೇಡ್‌ಗಳೆಲ್ಲ ಹೊರಗಿನವರ ಜೊತೆ ಮಾತಾಡಬೇಕೆಂದರೆ ಅದೊಂದೇ ಬಾಗಿಲು. ಪಕ್ಕದ ಗೂಡಿಗೆ ತಗಡಿನ ಮುಚ್ಚಳ ಬಡಿದಿತ್ತು. ಪ್ರತಿ ಬ್ಲೇಡಿನಿಂದಲೂ ಆ ಗೂಡಿನವರೆಗೆ ದಾರಿ ಇತ್ತು, ದಾರಿಯ ಕೊನೆಯಲ್ಲಿ ಬಾಗಿಲು ಮಾತ್ರ ಇರಲಿಲ್ಲ.

ಆ ಒಂದೇ ಬಾಗಿಲು ಒಂದು ಬೇಸಿಗೆಯ ಮಧ್ಯಾಹ್ನ ಮುಚ್ಚಿಕೊಂಡಿತು.

ಮೇಲ್ಮಹಡಿಯಲ್ಲಿ ಪರದೆಗಳೆಲ್ಲ ಇದ್ದಲ್ಲೇ ಹೆಪ್ಪುಗಟ್ಟಿದವು. ಮೇಲ್ವಿಚಾರಕಿಯ ದನಿ ಮೆಟ್ಟಿಲು ಇಳಿದು ಕೆಳಗೆ ಬಂತು. ಆಕೆಗೆ ಗುಡುಗಮ್ಮ ಎಂದೇ ಹೆಸರು. ಹಿಂದೆ ಬೀಗದಕ್ಕನ ಪಕ್ಕದ ಮೇಜಿನಲ್ಲೇ ಕೂತು ಕೆಲಸ ಮಾಡಿದವಳು, ಹಳೆಯ ಗೆಳತಿ. "ಏನಾಯ್ತೇ ಕೆಳಗೆ? ಇಲ್ಲಿ ಎಲ್ಲಾ ನಿಂತೋಯ್ತು!" ಬೀಗದಕ್ಕ ಚಾಸಿಯ ಹಿಂದೆ ಓಡಿದಳು. ಮಾಡ್ಯೂಲಿನ ದೀಪಗಳು ಸತ್ತಿದ್ದವು. ಅದನ್ನು ಎಳೆದು, ಮತ್ತೆ ಕೂರಿಸಿ, ಅದು ಕಣ್ಣುಬಿಡುವವರೆಗೆ ಅಲ್ಲೇ ನಿಂತಳು. ಬಹಳ ಹೊತ್ತೇನೂ ಆಗಲಿಲ್ಲ. ಆದರೆ ಆ ಹೊತ್ತಿನಲ್ಲೇ ಒಬ್ಬ ಬಸುರಿಗಾಗಿ ಬಂದಿದ್ದ ಕರೆಯ ವಿಳಾಸ ಅರ್ಧಕ್ಕೇ ನಿಂತು, ಗಾಡಿ ಅದೇ ಹೆಸರಿನ ಇನ್ನೊಂದು ಬೀದಿಗೆ ಹೋಯಿತು. ಮಗು ದಾರಿಯಲ್ಲಿ, ಗಾಡಿಯೊಳಗೇ ಹುಟ್ಟಿತು. ತಾಯಿ ರಕ್ತ ಕಳೆದುಕೊಂಡು ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದಳು. ಇಬ್ಬರೂ ಉಳಿದರು, ಅದೇ ದೊಡ್ಡದು.

ಸ್ವಲ್ಪ ದಿನ ಕಳೆದ ಮೇಲೆ ಆ ಹೆಂಗಸಿನ ಗಂಡ ಕೇಂದ್ರಕ್ಕೆ ಬಂದ. ಜಗಳಕ್ಕಲ್ಲ. ಬಾಗಿಲ ಬಳಿ ಸಿಕ್ಕ ಬೀಗದಕ್ಕನನ್ನೇ ಕೇಳಿದ, "ಅವತ್ತು ಏನಾಗಿತ್ತು ನಿಮಗೆ?"

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಇರೋದು ಒಂದೇ ಬಾಗಿಲು. ಅದು ಮುಚ್ಕೊಂಡಿತ್ತು."

"ಮತ್ತೆ ಇನ್ನೊಂದು ಮಾಡ್ಸಿದ್ರಾ?"

"ಇನ್ನೂ ಇಲ್ಲ," ಎಂದಳು. ಆ ಮನುಷ್ಯ ಬೈದಿದ್ದರೆ ಎರಡು ದಿನದಲ್ಲಿ ಮರೆತುಬಿಡುತ್ತಿದ್ದಳೋ ಏನೋ. ಸುಮ್ಮನೆ ತಲೆಯಾಡಿಸಿ ಹೋದನಲ್ಲ, ಅದು ಮುಳ್ಳಾಗಿ ಒಳಗೇ ಉಳಿಯಿತು.

ಮಾರನೆಯ ದಿನವೇ ಕೇಂದ್ರದ ಮುಖ್ಯಸ್ಥರ ಕೋಣೆಯಲ್ಲಿ ನಿಂತಿದ್ದಳು. ಸಾಹೇಬರು ಕೆಟ್ಟವರಲ್ಲ, ಆದರೆ ನಡೆಯುತ್ತಿರುವ ಯಾವುದನ್ನೂ ಮುಟ್ಟಬಾರದು ಎನ್ನುವ ಜಾತಿಯವರು.

"ಖಾಲಿ ಗೂಡಿಗೆ ಇನ್ನೊಂದು ಮಾಡ್ಯೂಲ್ ಹಾಕ್ಬೇಕು ಸಾರ್. ಹಳೇದಕ್ಕೂ ವಯಸ್ಸಾಗಿದೆ, ಅದನ್ನೂ ಬದಲಾಯಿಸಿಬಿಡೋಣ."

"ಈಗ ನಡೀತಿದೆಯಲ್ಲಮ್ಮ."

"ಅವತ್ತೂ ನಡೀತಾನೇ ಇತ್ತು ಸಾರ್, ನಿಲ್ಲೋವರೆಗೆ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಅದು 'ನೋಡೋಣ' ಎಂಬುದರ ಗುರುತು. ಅವರ ನೋಡೋಣ ಎಂದರೆ ಮರೆಯೋಣ ಎಂದರ್ಥ ಎಂಬುದು ಕೇಂದ್ರದ ಗೋಡೆಗಳಿಗೂ ಗೊತ್ತಿತ್ತು. ಬೀಗದಕ್ಕ ವಾರವಾರ ಹೋದಳು. ಕೇಳಿ ಕೇಳಿ ಸಾಕಾಗಿ ಸಾಹೇಬರು ಅವಳ ಹೆಜ್ಜೆ ಸದ್ದು ಕೇಳಿದ ಕೂಡಲೇ ಫೋನ್ ಎತ್ತಿಕೊಳ್ಳಲು ಕಲಿತರು. ಆ ಕಡೆಯಲ್ಲಿ ಯಾರೂ ಇಲ್ಲದ ಫೋನು ಎಂದು ಅವಳಿಗೂ ಗೊತ್ತಿತ್ತು. ಅದು ಮುಗಿಯುವವರೆಗೆ ನಿಂತೇ ಇರುತ್ತಿದ್ದಳು.

"ಕಲ್ಲಿಗೆ ಎಷ್ಟು ನೀರು ಹೊಯ್ತೀಯಾ?" ಎಂದಳು ಗುಡುಗಮ್ಮ.

"ಕಲ್ಲಲ್ಲ ಕಣೇ. ಅವರು ಮೇಲೆ ಬಂದು ಕೂತು ನೋಡೇ ಇಲ್ಲ, ಅಷ್ಟೇ. ಒಂದು ಸಲ ಕೂರ್ಸಬೇಕು."

ಕೂರಿಸಿದಳು. ಪರದೆ ಕೈಕೊಟ್ಟರೆ ಕಾಗದ ಪೆನ್ನಿನಲ್ಲಿ ಕೆಲಸ ಸಾಗಿಸುವ ಅಭ್ಯಾಸ ಎಲ್ಲರಿಗೂ ಆಗಬೇಕು, ಮುಖ್ಯಸ್ಥರೇ ಮೊದಲು ಮಾಡಿ ತೋರಿಸಿದರೆ ಚೆನ್ನ ಎಂದು ಗುಡುಗಮ್ಮನ ಬಾಯಿಂದ ಹೇಳಿಸಿದಳು. ಇಡೀ ಮಹಡಿಯ ಮುಂದೆ ಒಲ್ಲೆ ಎನ್ನಲು ಸಾಹೇಬರಿಗೆ ಆಗಲಿಲ್ಲ. ಪಕ್ಕದಲ್ಲಿ ಗುಡುಗಮ್ಮ ಪರದೆ ಇಟ್ಟುಕೊಂಡು ಕಾವಲು ಕೂತಳು. ಸಾಹೇಬರ ಪರದೆ ಆರಿಸಿ, ಕೈಗೆ ಕಾಗದ ಕೊಟ್ಟು, ತಲೆಗೆ ಹೆಡ್‌ಫೋನ್ ಹಾಕಿದರು. ಬಂದ ಕರೆ ಒಬ್ಬ ಮುದುಕರದ್ದು. ಹೆಂಡತಿ ಬಚ್ಚಲಲ್ಲಿ ಬಿದ್ದಿದ್ದಾಳೆ, ಏಳುತ್ತಿಲ್ಲ. ಬೀದಿಯ ಹೆಸರು ಹೇಳಿದರು, ಗುರುತು ಹೇಳಿದರು, 'ಹಸಿರು ಬಾಗಿಲು, ಹಸಿರು ಬಾಗಿಲು' ಎಂದು ಎರಡೆರಡು ಸಲ ಹೇಳಿದರು. ಆ ಬೀದಿ ಊರಿನ ಯಾವ ಕಡೆ ಎಂದು ಸಾಹೇಬರಿಗೆ ಹೊಳೆಯಲಿಲ್ಲ. ಯಾವ ಗಾಡಿ ಹತ್ತಿರವಿದೆ ಎಂದೂ ಗೊತ್ತಿಲ್ಲ. ಪೆನ್ನು ಹಿಡಿದ ಕೈ ಕಾಗದದ ಮೇಲೆ ಹಾಗೇ ನಿಂತಿತು. ಗುಡುಗಮ್ಮ ತನ್ನ ಪರದೆಯಲ್ಲಿ ನೋಡಿ ಆಗಲೇ ಗಾಡಿ ಕಳಿಸಿದ್ದಳು, ಆದರೆ ಸಾಹೇಬರ ಕಿವಿಯಲ್ಲಿ ಮುದುಕರು ಕೇಳುತ್ತಲೇ ಇದ್ದರು, "ಹೊರಟ್ರಾ ಅಪ್ಪಾ? ಹೊರಟ್ರಾ?"

ಹೆಡ್‌ಫೋನ್ ತೆಗೆದಾಗ ಸಾಹೇಬರ ಕತ್ತುಪಟ್ಟಿ ಒದ್ದೆಯಾಗಿತ್ತು. ನೇರವಾಗಿ ತಮ್ಮ ಕೋಣೆಗೆ ಹೋದರು. ಮಧ್ಯಾಹ್ನ ಬೀಗದಕ್ಕನನ್ನು ಕರೆಸಿ, "ಏನೇನು ಬೇಕೋ ಹೇಳಿ, ತರಿಸ್ತೀನಿ" ಎಂದರು. ಅವತ್ತು ಅವರು ಕನ್ನಡಕಕ್ಕೆ ಕೈ ಹಾಕಲಿಲ್ಲ.

ಮಾಡ್ಯೂಲ್‌ಗಳು ಬಂದವು. ಬಂದದ್ದು ಬೇರೆ ಬಗೆಯವು. ಪೆಟ್ಟಿಗೆ ಬಿಚ್ಚಿ ಚೀಟಿ ಓದಿದವಳೇ ಬೀಗದಕ್ಕ ತಲೆ ಮೇಲೆ ಕೈ ಹೊತ್ತಳು. ಬ್ಲೇಡ್‌ಗಳೊಳಗಿನ ನೆಟ್‌ವರ್ಕ್ ಕಾರ್ಡುಗಳು ಒಂದು ಭಾಷೆಯವು, ಈ ಮಾಡ್ಯೂಲ್ ಇನ್ನೊಂದು ಭಾಷೆಯದು. ಕೂರಿಸಿದರೂ ಚಾಸಿ ಅದಕ್ಕೆ ವಿದ್ಯುತ್ತೇ ಕೊಡದು. ವಾಪಸ್ ಕಳಿಸಿ, ಮತ್ತೆ ತರಿಸಿ, ಅಷ್ಟರಲ್ಲಿ ಬೇಸಿಗೆ ಹೋಗಿ ಮಳೆ ಮುಗಿದು ಚಳಿ ಶುರುವಾಯಿತು. "ಇನ್ನೂ ಆಗ್ಲಿಲ್ವೇನೇ?" ಎಂದು ಅತ್ತೆ ಕೇಳುತ್ತಲೇ ಇದ್ದರು. "ಆಗುತ್ತೆ ಅತ್ತೆ" ಎನ್ನುತ್ತಲೇ ಇದ್ದಳು.

ಕೊನೆಗೆ ಸರಿಯಾದ ಜೋಡಿ ಬಂತು, ಅದರ ಜೊತೆ ಕಂಪನಿಯ ಎಂಜಿನಿಯರ್ ಕೂಡ. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಉದ್ದದ ಆಸಾಮಿ, ಇಂಥ ಕೆಲಸ ಹತ್ತಾರು ಕಡೆ ಮಾಡಿದವನು, ಮಾತು ಕಡಿಮೆ. ಚಾಸಿಯನ್ನು ಸುತ್ತಿ ನೋಡಿ ಕೇಳಿದ, "ನಿಲ್ಲಿಸೋಕೆ ಆಗುತ್ತಾ ಮೇಡಂ?"

"ಆಗಲ್ಲ. ನಡೀತಿರುವಾಗ್ಲೇ ಹಾಕ್ಬೇಕು."

"ಹಾಕ್ಬಹುದು, ಅದಕ್ಕೇ ಮಾಡಿರೋದು ಇದನ್ನ. ರಾತ್ರಿ ಬರ್ತೀನಿ ಹಾಗಾದ್ರೆ. ಕರೆ ಕಡಿಮೆ ಇರುತ್ತೆ."

"ಬೇಡ. ಕರೆ ಕಡಿಮೆ ಇದ್ರೆ ಜನಾನೂ ಕಡಿಮೆ ಇರ್ತಾರೆ. ಏನಾದ್ರೂ ಆದ್ರೆ ಕಾಗದ ಹಿಡಿದು ಕೂರೋಕೆ ಆಳಿಲ್ಲ. ಬೆಳಿಗ್ಗೆ ಪಾಳಿ ಬದಲಾಗುವಾಗ ಹಳಬರೂ ಇರ್ತಾರೆ, ಹೊಸಬರೂ ಬಂದಿರ್ತಾರೆ. ಹಳಬರು ಒಂದಷ್ಟು ಹೊತ್ತು ಉಳಿದ್ರೆ ಮೇಜಿಗೆ ಇಬ್ಬರು. ಆಗ ಮಾಡೋಣ."

ಎಂಜಿನಿಯರ್ ಗಲ್ಲ ಕೆರೆದುಕೊಂಡ. "ಎಲ್ರೂ ರಾತ್ರೀನೇ ಕೇಳ್ತಾರೆ. ಆದ್ರೆ ನೀವು ಹೇಳೋದು ಸರಿ ಇದೆ," ಎಂದ.

ಆ ಬೆಳಿಗ್ಗೆ ಮೇಲ್ಮಹಡಿಯಲ್ಲಿ ಮೇಜಿಗಿಬ್ಬರು. ಒಬ್ಬರ ಮುಂದೆ ಪರದೆ, ಇನ್ನೊಬ್ಬರ ಮುಂದೆ ಕಾಗದ. ಗೋಡೆಗೆ ಊರಿನ ದೊಡ್ಡ ನಕ್ಷೆ ಅಂಟಿಸಿದ್ದರು. ಗುಡುಗಮ್ಮ ಎದ್ದು ನಿಂತಿದ್ದಳು. ಮೇಲ್ವಿಚಾರಕಿಯಾದ ಮೇಲೆ ಆಕೆ ಕೂತು ಕೆಲಸ ಮಾಡಿದ್ದನ್ನು ನೋಡಿದವರೂ ಕಡಿಮೆ.

ಕೆಳಗೆ ಬೀಗದಕ್ಕ ಮೈಯ ವಿದ್ಯುತ್ತು ಯಂತ್ರಕ್ಕೆ ತಗುಲದಂತೆ ಕಟ್ಟುವ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿದುಕೊಂಡಳು. ಫ್ಯಾನುಗಳ ಸದ್ದಿಗೆ ಎಂಜಿನಿಯರ್ ಕಿವಿಗೆ ಮುಚ್ಚಳ ಹಾಕಿಕೊಂಡಿದ್ದ; ಕೂಗದೆ ಇಬ್ಬರಿಗೂ ಮಾತು ಕೇಳಿಸುವಂತಿರಲಿಲ್ಲ. ಮೊದಲೇ ಸನ್ನೆ ಗೊತ್ತು ಮಾಡಿಕೊಂಡಿದ್ದರು: ಹೆಬ್ಬೆರಳು ಮೇಲೆ ಎಂದರೆ ಮುಂದುವರಿ, ಅಂಗೈ ಎತ್ತಿದರೆ ನಿಲ್ಲು.

ಖಾಲಿ ಗೂಡಿನ ತಗಡಿನ ಮುಚ್ಚಳ ತೆಗೆದಳು. ಬಿಸಿಗಾಳಿ ಮುಖಕ್ಕೆ ರಾಚಿತು. ಗೂಡು ಬಹಳ ಹೊತ್ತು ತೆರೆದಿದ್ದರೆ ಗಾಳಿಯೆಲ್ಲ ಅಲ್ಲೇ ಸೋರಿ ಬ್ಲೇಡ್‌ಗಳು ಕಾಯತೊಡಗುತ್ತವೆ. ಹಾಗೆಂದು ಅವಸರ ಪಟ್ಟು ಒತ್ತುವಂತೆಯೂ ಇಲ್ಲ. ಒಳಗಿನ ಸಣ್ಣ ಸೂಜಿಮೊನೆಯಂಥ ಕಡ್ಡಿಗಳಲ್ಲಿ ಒಂದು ಬಾಗಿದರೂ ಗೂಡೇ ಹಾಳು. ಹೊಸ ಮಾಡ್ಯೂಲನ್ನು ಎರಡೂ ಕೈಯಲ್ಲಿ ಹಿಡಿದು, ಹಾದಿಗೆ ಸೇರಿಸಿ, ಮಲಗಿದ ಮಗುವಿನ ಕೆಳಗಿನಿಂದ ಬಟ್ಟೆ ಸರಿಸುವಷ್ಟು ಮೆಲ್ಲಗೆ ಒಳಗೆ ನೂಕಿದಳು. ಕೊನೆಯಲ್ಲಿ ಸ್ವಲ್ಪ ತಡೆ ಸಿಕ್ಕಿತು. ಹಿಡಿಕೆ ಮಡಚಿದಳು. ಕಟಕ್ ಎಂದದ್ದು ಕಿವಿಗೆ ಕೇಳಿಸಲಿಲ್ಲ, ಬೆರಳಿಗೆ ತಿಳಿಯಿತು.

ದೀಪ ಹತ್ತಿತು. ಹಸಿರಲ್ಲ, ಹಳದಿ.

ಎಂಜಿನಿಯರ್ ಅಂಗೈ ಎತ್ತಿದ. ತನ್ನ ಲ್ಯಾಪ್‌ಟಾಪಿನಲ್ಲಿ ಒಂದಷ್ಟು ನೋಡಿ, ಅವಳನ್ನು ಹೊರಗೆ ಕರೆದು ಹೇಳಿದ, "ಮಾಡ್ಯೂಲ್ ಚೆನ್ನಾಗಿದೆ. ಚಾಸೀನ ನೋಡ್ಕೊಳ್ಳೋ ಸಣ್ಣ ಕಾರ್ಡ್ ಇದೆಯಲ್ಲ, ಅದರ ಸಾಫ್ಟ್‌ವೇರ್ ಹಳೇದು. ಹೊಸಬನ ಗುರುತು ಅದಕ್ಕೆ ಸಿಗ್ತಿಲ್ಲ. ಅದನ್ನ ಹೊಸದು ಮಾಡಿ, ಆ ಕಾರ್ಡನ್ನ ಮಾತ್ರ ಒಂದ್ಸಲ ಆರಿಸಿ ಹಚ್ಚಬೇಕು."

"ಬ್ಲೇಡ್‌ಗಳು?"

"ಅವಕ್ಕೇನೂ ಆಗಲ್ಲ, ನಡೀತಾ ಇರ್ತವೆ. ಆದ್ರೆ ಕಾವಲುಗಾರ ಇಲ್ಲದಿರೋ ಹೊತ್ತಲ್ಲಿ ಫ್ಯಾನುಗಳೆಲ್ಲ ಹೆದರಿ ಪೂರ್ತಿ ವೇಗಕ್ಕೆ ಹೋಗ್ತವೆ. ಕಟ್ಟಡಾನೇ ಹಾರಿಹೋಗುತ್ತೇನೋ ಅನ್ನಿಸುತ್ತೆ. ಅದು ಸಹಜ."

ಅವಳು ಒಂದು ಕ್ಷಣ ಯೋಚಿಸಿದಳು. ಹೆಬ್ಬೆರಳು ಎತ್ತಿದಳು.

ಅವನು ಹೇಳಿದ್ದು ಕಡಿಮೆಯೇ. ಕಾರ್ಡು ಆರಿದ ಕೂಡಲೇ ಫ್ಯಾನುಗಳು ಊಳಿಟ್ಟ ಬಿರುಸಿಗೆ ನೆಲ ನಡುಗಿತು, ಕಪಾಟಿನ ಬಾಗಿಲು ಗಡಗಡ ಎಂದಿತು. ಮೆಟ್ಟಿಲ ಮೇಲೆ ಬೂಟಿನ ಸದ್ದು ಅವಳಿಗೆ ಕೇಳಿಸುವ ಮಾತೇ ಇರಲಿಲ್ಲ; ತಿರುಗಿದರೆ ಸಾಹೇಬರು ಬಾಗಿಲಲ್ಲಿ, ಬಣ್ಣಗೆಟ್ಟ ಮುಖದಲ್ಲಿ, ಬಾಯಿ ಅಗಲವಾಗಿ ತೆರೆದು ನಿಂತಿದ್ದರು. ಬಾಯಿಯ ಆಕಾರ ನೋಡಿಯೇ ತಿಳಿಯಿತು: ನಿಲ್ಸಿ, ನಿಲ್ಸಿ! ಕೈ ಚಾಚಿ ಚಾಸಿಯ ಕಡೆಗೆ ಬರುತ್ತಿದ್ದರು. ಬೀಗದಕ್ಕ ದಾರಿಗೆ ಅಡ್ಡ ನಿಂತು ಅಂಗೈ ಎತ್ತಿದಳು. ಗಿಡ್ಡ ಹೆಂಗಸು, ಅವರ ಎದೆಯವರೆಗೆ ಬರುತ್ತಾಳೆ ಅಷ್ಟೆ. ಸಾಹೇಬರು ನಿಂತರು. ಅವಳು ಬ್ಲೇಡ್‌ಗಳ ದೀಪಗಳ ಕಡೆಗೆ ಬೆರಳು ತೋರಿಸಿದಳು: ಎಲ್ಲವೂ ಹಸಿರು.

ಆಮೇಲೆ ಬಿರುಸು ಇಳಿಯಿತು, ಕೆರಳಿದ ನಾಯಿ ಗುರುಗುಟ್ಟುತ್ತಾ ಮಲಗಿದಂತೆ. ಕಾರ್ಡು ಎದ್ದು ಕೂತಿತು. ಹೊಸ ಮಾಡ್ಯೂಲಿನ ದೀಪ ಒಮ್ಮೆ ಮಿಟುಕಿ ಹಸಿರಾಯಿತು. ಸಾಹೇಬರು ಗೋಡೆಗೊರಗಿ, "ಮೊದಲೇ ಹೇಳ್ಬಾರದಾ ಅಮ್ಮಾ?" ಎಂದರು.

"ಮೊದಲು ನಮಗೂ ಗೊತ್ತಿರ್ಲಿಲ್ಲ ಸಾರ್. ಗೊತ್ತಾದ ಮೇಲೆ ಹೇಳ್ಬೇಕಿತ್ತು, ತಪ್ಪಾಯ್ತು."

ಇನ್ನು ಹೊರಗಿನ ಕೇಬಲ್ ಜೋಡಿಸುವುದು. ಅದಕ್ಕೆ ಮೊದಲು ಎಂಜಿನಿಯರ್ ಹೊಸ ಮಾಡ್ಯೂಲಿಗೆ ಅದರ ಪಾಠ ಹೇಳಿಕೊಡಬೇಕಿತ್ತು. ಪಾಠವಿಲ್ಲದೆ ಕೇಬಲ್ ಚುಚ್ಚಿದರೆ ಎರಡು ದಾರಿಗಳೂ ಒಂದಕ್ಕೊಂದು ಸೇರಿ, ಹಾವು ತನ್ನ ಬಾಲವನ್ನೇ ನುಂಗಿದಂತಾಗಿ, ಇಡೀ ಜಾಲ ಉಸಿರುಕಟ್ಟುತ್ತದೆ. ಅವನು ಒಂದೊಂದೇ ಸಾಲು ಬರೆದ, ಅವಳು ಹಿಂದೆ ನಿಂತು ಹಳೆಯ ಮಾಡ್ಯೂಲಿನ ಸಾಲುಗಳ ಜೊತೆ ಒಂದೊಂದನ್ನೇ ತಾಳೆ ನೋಡಿದಳು. ಆಮೇಲೆ ಕೇಬಲ್. ಎಲ್ಲ ದೀಪಗಳೂ ಹಸಿರು.

"ಮುಗೀತು," ಎಂದ ಎಂಜಿನಿಯರ್, ಕಿವಿಯ ಮುಚ್ಚಳ ಕೆಳಗಿಳಿಸಿ.

"ಮುಗಿದಿಲ್ಲ. ಹಳೇದರ ಕೇಬಲ್ ಎಳೆದು ನೋಡ್ಬೇಕು."

"ಈಗ್ಲೇ?" ಎಂದರು ಸಾಹೇಬರು. "ಎಲ್ಲಾ ಹಸಿರು ಇದೆಯಲ್ಲ."

"ಹಸಿರು ದೀಪ ಅಂದ್ರೆ ಅದು ಎದ್ದಿದೆ ಅಂತ ಅಷ್ಟೇ ಸಾರ್. ಕೆಲಸ ಮಾಡುತ್ತೆ ಅಂತಲ್ಲ. ನಮ್ಮನೇಲೂ ಬೆಳಿಗ್ಗೆ ಎಲ್ಲರೂ ಏಳ್ತಾರೆ."

ಎಂಜಿನಿಯರ್ ಮುಖ ತಿರುಗಿಸಿ ನಕ್ಕ. ಬೀಗದಕ್ಕ ಮೇಲೆ ಹೋಗಿ ಗುಡುಗಮ್ಮನಿಗೆ ಹೇಳಿ ಬಂದಳು. ಹಳೆಯ ಮಾಡ್ಯೂಲಿನ ಕೇಬಲ್ ಹಿಡಿದು, ಅದರ ಪುಟ್ಟ ನಾಲಗೆಯನ್ನು ಒತ್ತಿ ಎಳೆದಳು.

ಮೇಲಿನಿಂದ ದನಿ ಬಂತು. ಫ್ಯಾನುಗಳನ್ನೂ ಮೀರಿ, ಒಂಟಿ ಕಿವಿಗೂ ಕೇಳುವಷ್ಟು. "ನಕ್ಷೆ ಹೋಯ್ತು! ನಕ್ಷೆ!"

ಕೇಬಲ್ಲನ್ನು ಇದ್ದಲ್ಲಿಗೇ ಒತ್ತಿದಳು. ಮೆಟ್ಟಿಲು ಹತ್ತಿ ಓಡಿದರೆ, ಮೇಲೆ ಯಾರೂ ಕಂಗಾಲಾಗಿರಲಿಲ್ಲ. ಪರದೆ ನಿಂತ ಮೇಜುಗಳಲ್ಲಿ ಪಕ್ಕದವರು ಆಗಲೇ ಬರೆದುಕೊಳ್ಳುತ್ತಿದ್ದರು. ಗುಡುಗಮ್ಮ ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು ಒಂದು ಗಾಡಿಗೆ ದಾರಿ ಹೇಳುತ್ತಿದ್ದಳು. ಗಾಡಿ ಸರಿಯಾದ ಮನೆಗೇ ಹೋಯಿತು. ನಕ್ಷೆಗಳು ಒಂದೊಂದಾಗಿ ಮರಳಿದವು. ವಿಚಿತ್ರವೆಂದರೆ ಫೋನ್ ಕರೆಗಳು ಒಂದೂ ಕಡಿದಿರಲಿಲ್ಲ. ಕರೆಗಳಿಗೆ ಹೊಸ ದಾರಿ ಸಿಕ್ಕಿತ್ತು, ನಕ್ಷೆಗೆ ಸಿಕ್ಕಿರಲಿಲ್ಲ.

ಸಾಹೇಬರು ಹಿಂದೆಯೇ ಬಂದಿದ್ದರು. "ಸಾಕಮ್ಮ. ಇವತ್ತಿಗೆ ಸಾಕು. ಎರಡು ಇದೆಯಲ್ಲ, ಇರ್ಲಿ."

ಬೀಗದಕ್ಕ ಅವರ ಕಡೆಗೆ ಪೂರ್ತಿ ತಿರುಗಿ ನಿಂತಳು. "ಈಗ ಬಿಟ್ರೆ, ಇನ್ನೊಂದು ದಾರಿ ಇದೆ ಅಂತ ನಂಬ್ಕೊಂಡು ಕೂತಿರ್ತೀವಿ ಸಾರ್. ದಾರಿ ಇಲ್ಲದಿರೋದಕ್ಕಿಂತ ಅದು ಕೆಟ್ಟದ್ದು. ಇಲ್ಲ ಅಂತ ಗೊತ್ತಿದ್ರೆ ಹುಷಾರಾಗಾದ್ರೂ ಇರ್ತೀವಿ."

"ಮತ್ತೆ ಹೀಗೇ ಆದ್ರೆ?"

"ಮತ್ತೆ ಬರ್ಕೋತಾರೆ. ನೋಡಿದ್ರಲ್ಲ, ಯಾರ ಕೈಯೂ ನಿಲ್ಲಲಿಲ್ಲ."

ಸಾಹೇಬರು ಸಾಲು ಮೇಜುಗಳನ್ನು ನೋಡಿದರು. ತಮ್ಮ ಕೈ ಹಿಂದೆ ಕಾಗದದ ಮೇಲೆ ನಿಂತುಹೋದದ್ದು ಅವರಿಗೆ ನೆನಪಾಗಿರಬೇಕು. "ಏನ್ ತಪ್ಪಾಗಿದೆ ಅಂತ ಮೊದಲು ಕಂಡುಹಿಡೀರಿ. ಆಮೇಲೆ ಎಳೀರಿ," ಎಂದರು.

ಹುಡುಕುವುದು ಸುಲಭವಾಗಲಿಲ್ಲ. ಎಂಜಿನಿಯರ್ ಮಾಡ್ಯೂಲನ್ನು ಜಾಲಾಡಿದ, ಅಲ್ಲೇನೂ ತಪ್ಪಿರಲಿಲ್ಲ. ಬ್ಲೇಡನ್ನು ನೋಡಿದ, ಅದೂ ಸರಿ. ಬೀಗದಕ್ಕ ಕಣ್ಣು ಮುಚ್ಚಿ ದಾರಿಯನ್ನು ಮನಸ್ಸಿನಲ್ಲೇ ನಡೆದಳು: ಬ್ಲೇಡ್, ಗೂಡು, ಮಾಡ್ಯೂಲ್, ಕೇಬಲ್, ಕೇಬಲ್ಲಿನ ಆ ತುದಿ. "ಆ ಕಡೆ ನೋಡಿದ್ವಾ ನಾವು? ಮಹಡಿಯ ಮೇಜುಗಳಿಗೆ ತಂತಿ ಹಂಚೋ ಸ್ವಿಚ್ ಪೆಟ್ಟಿಗೆ?" ಎಂದು ಎಂಜಿನಿಯರ್‌ನ ತೋಳು ತಟ್ಟಿದಳು. ಅವನು ಲ್ಯಾಪ್‌ಟಾಪಿನಲ್ಲಿ ಆ ಸ್ವಿಚ್ಚಿನ ಸಾಲುಗಳನ್ನು ತೆರೆದು ನೋಡಿ ಹಣೆ ಬಡಿದುಕೊಂಡ. ಹೊಸ ಕೇಬಲ್ ಚುಚ್ಚಿದ ಜಾಗದಲ್ಲಿ ಕರೆಗಳಿಗೆ ಮಾತ್ರ ಪ್ರವೇಶ ಕೊಟ್ಟಿತ್ತು. ನಕ್ಷೆಯ ದಾರಿಗೆ ಅಲ್ಲಿ ಬಾಗಿಲು ಹಾಕಿಯೇ ಇತ್ತು. "ನನ್ ಕಡೆ ಎಲ್ಲಾ ನೋಡ್ದೆ, ಎದುರುಮನೆ ನೋಡ್ಲಿಲ್ಲ ಅಕ್ಕ," ಎಂದ. ಮೇಡಂ ಹೋಗಿ ಅಕ್ಕ ಆದದ್ದು ಯಾವಾಗ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಒಂದೇ ಸಾಲು ಬರೆದ. ಬಾಗಿಲು ತೆರೆಯಿತು.

ಮತ್ತೆ ಕೇಬಲ್ಲಿನ ಮುಂದೆ ಬಂದು ನಿಂತಳು. ಸೆರಗಿಗೆ ಅಂಗೈ ಒರೆಸಿಕೊಂಡು ನಾಲಗೆ ಒತ್ತಿ ಎಳೆದಳು. ಕೇಬಲ್ ಕೈಯಲ್ಲೇ ಹಿಡಿದು ಕಾದಳು. ಮೇಲಿನಿಂದ ಏನೂ ಬರಲಿಲ್ಲ. ಇನ್ನೂ ಕಾದಳು. ಏನೂ ಇಲ್ಲ. ಸಹಿಸಲಾಗದೆ ಕೇಬಲ್ಲನ್ನು ಎಂಜಿನಿಯರ್ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದಳು. ಎಲ್ಲರೂ ಅವರವರ ಪಾಡಿಗೆ ಮಾತಾಡುತ್ತಿದ್ದರು. ಎಲ್ಲಿದ್ದೀರಿ ಹೇಳಿ, ಉಸಿರಾಡ್ತಿದ್ದಾರಾ ನೋಡಿ, ಗಾಡಿ ಹೊರಟಿದೆ. ಗುಡುಗಮ್ಮ ಅವಳನ್ನು ಕಂಡು ಹುಬ್ಬೇರಿಸಿದಳು.

"ಎಷ್ಟು ಹೊತ್ತು ಕಾಯಿಸ್ತೀಯೇ? ಯಾವಾಗ ಎಳೀತೀಯಾ?"

"ಎಳೆದಾಯ್ತು."

"ಯಾವಾಗ?"

"ಆಗ್ಲೇ."

ಗುಡುಗಮ್ಮ ತಿರುಗಿ ಸಾಲು ಪರದೆಗಳನ್ನೆಲ್ಲ ಒಮ್ಮೆ ನೋಡಿದಳು. ಬೀಗದಕ್ಕ ಹತ್ತಿರದ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟಳು.

ಕೆಲಸ ಮುಗಿದಿರಲಿಲ್ಲ. ಕೆಳಗೆ ಹೋಗಿ ಹಳೆಯ ಮಾಡ್ಯೂಲನ್ನು ಹೊರಗೆಳೆದು, ಎರಡನೆಯ ಹೊಸದನ್ನು ಅದರ ಗೂಡಿನಲ್ಲಿ ಕೂರಿಸಿ, ಪಾಠ ಹೇಳಿ, ಈ ಸಲ ಎದುರುಮನೆಯನ್ನೂ ಮೊದಲೇ ನೋಡಿ, ಕೇಬಲ್ ಜೋಡಿಸಿ, ಮತ್ತೆ ಎಳೆದು, ಮತ್ತೆ ಕೂರಿಸಿ, ಅವಳಿಗೆ ತೃಪ್ತಿಯಾಗುವ ಹೊತ್ತಿಗೆ ಬೆಳಗಿನ ಪಾಳಿಯವರು ಆಕಳಿಸುತ್ತ ಮನೆಗೆ ಹೋಗಿಯಾಗಿತ್ತು. ಎಂಜಿನಿಯರ್ ಹೊರಡುವಾಗ, "ಇನ್ಮೇಲೆ ನಾನೂ ಎಲ್ಲಾ ಕಡೆ ಹಗಲೇ ಕೇಳ್ತೀನಿ ಅಕ್ಕ," ಎಂದು ಬಾಗಿಲಲ್ಲಿ ತಲೆ ತಗ್ಗಿಸುವುದನ್ನು ಮರೆತು ಹಣೆ ಚಚ್ಚಿಕೊಂಡ.

ಮನೆಗೆ ಬಂದರೆ ಗಂಡ ಬ್ರೆಡ್ ತಂದಿದ್ದ, ಅತ್ತೆ ಊಟಕ್ಕೆ ಕಾಯುತ್ತಿದ್ದರು. ಏನಾಯಿತು ಎಂದು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದಳು: ಫ್ಯಾನು, ಹಳದಿ ದೀಪ, ಎದುರುಮನೆ ಬಾಗಿಲು. ಅತ್ತೆ ಗಮನವಿಟ್ಟು ಕೇಳಿ, "ಅಂದ್ರೆ ಇಷ್ಟೆಲ್ಲಾ ಮಾಡಿದ್ದು ಏನೂ ಆಗದೇ ಇರ್ಲಿ ಅಂತ?" ಎಂದರು.

"ಹೂಂ ಅತ್ತೆ."

"ಸರಿ ಬಿಡು. ನಾನು ಹಾಕೋ ಹೊಲಿಗೇನೂ ಹಾಗೇ. ಬಿಚ್ಚಿದ್ರೆ ಮಾತ್ರ ಜನ ನೋಡೋದು. ಕೈ ತೊಳ್ಕೊಂಡು ಬಾ."

ಆ ಚಳಿಗಾಲ ಕಳೆದು ಮಳೆ ಹಿಡಿದ ದಿನಗಳಲ್ಲಿ, ಊರಿಗೂರೇ ನೀರಿನಲ್ಲಿ ನಿಂತು ಕರೆಗಳು ಮೇಲಿಂದ ಮೇಲೆ ಬೀಳುತ್ತಿದ್ದ ಒಂದು ಹಗಲು, ಎರಡು ಮಾಡ್ಯೂಲ್‌ಗಳಲ್ಲಿ ಒಂದು ಯಾರಿಗೂ ಹೇಳದೆ ಸತ್ತಿತು. ಮೇಲ್ಮಹಡಿಗೆ ಅದರ ಸುಳಿವೂ ಹತ್ತಲಿಲ್ಲ. ಬೀಗದಕ್ಕ ದೀಪ ನೋಡಿ ಗುರುತಿಸಿ, ಕಂಪನಿಯಿಂದ ಬೇರೆಯದನ್ನು ತರಿಸಿ, ಬಂದ ದಿನವೇ ಬದಲಾಯಿಸಿದಳು. ಆಮೇಲೆ ಸಾಹೇಬರಿಗೆ ಹೋಗಿ ಹೇಳಿದಳು.

ಸಾಹೇಬರು, "ಆ ಮಳೇಲಿ ನಿಂತಿದ್ರೆ..." ಎಂದು ಅರ್ಧಕ್ಕೇ ಬಿಟ್ಟರು. ಆಮೇಲೆ ಎದ್ದು ಅವಳಿಗೆ ಕುರ್ಚಿ ಎಳೆದು ಕೊಟ್ಟರು. ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು.

"ಒಳ್ಳೇ ಕೆಲಸ ಆಯ್ತಮ್ಮ. ಇನ್ನು ನಿಶ್ಚಿಂತೆ."

"ಅದೇ ಹೇಳೋಣ ಅಂತ ಬಂದೆ ಸಾರ್," ಎಂದಳು ಬೀಗದಕ್ಕ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಚಾಸಿಗೆ ಕರೆಂಟ್ ಎರಡು ಕಡೆಯಿಂದ ಬರ್ತಿದೆ ಅಂತ ಅಂದ್ಕೊಂಡಿದ್ದೆ. ನಿನ್ನೆ ತಂತಿ ಹಿಡಿದು ಹಿಂದೆ ಹೋಗಿ ನೋಡ್ದೆ. ಎರಡೂ ಒಂದೇ ಬೋರ್ಡಿಗೆ ಹೋಗಿ ಸೇರ್ತವೆ."

ಸಾಹೇಬರ ಕೈ ಫೋನಿನ ಕಡೆಗೆ ಹೊರಟಿತು. ಅಲ್ಲೇ ತಡೆದು, ಹಿಂದಕ್ಕೆ ಬಂದು, ಮೇಜಿನ ಮೇಲೆ ಕೂತಿತು.

"ಹೇಳಿ," ಎಂದರು.